ಗಡ್ಡೆ ಹುಟ್ಟಿದ್ದು ಬಲಕ್ಕೋ, ಎಡಕ್ಕೋ? ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಔಷಧ ಆರಿಸುವ ಬಗೆ

ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದೆ ಎಂದು ಗೊತ್ತಾಗುವ ಹೊತ್ತಿಗೆ ಮನೆಯವರ ಕೈಯಲ್ಲಿ ಒಂದು ದಪ್ಪ ಫೈಲ್ ಸೇರಿರುತ್ತದೆ. ಸ್ಕ್ಯಾನ್ ವರದಿ, ಕೊಲೊನೋಸ್ಕೋಪಿ ವರದಿ, ಬಯಾಪ್ಸಿ ವರದಿ, ಹಾಳೆಗಟ್ಟಲೆ ರಕ್ತ ಪರೀಕ್ಷೆ. ಲಿವರ್‌ನಲ್ಲಿ ಎಷ್ಟು ಗಂಟುಗಳಿವೆ, ಶ್ವಾಸಕೋಶಕ್ಕೂ ಹೋಗಿದೆಯೇ, ಹಂತ ಎಷ್ಟನೆಯದು ಎಂಬ ಸಾಲುಗಳಿಗೆ ಎಲ್ಲರ ಕಣ್ಣು ಮೊದಲು ಹೋಗುತ್ತದೆ. ಕೊಲೊನೋಸ್ಕೋಪಿ ವರದಿಯ ನಡುವೆ ಇನ್ನೊಂದು ಸಣ್ಣ ಸಾಲು ಇರುತ್ತದೆ. ಗಡ್ಡೆ ಕಂಡದ್ದು ಸೀಕಮ್‌ನಲ್ಲಿ ಎಂದೋ, ಸಿಗ್ಮಾಯ್ಡ್‌ನಲ್ಲಿ ಎಂದೋ ಅಲ್ಲಿ ಬರೆದಿರುತ್ತಾರೆ. ಹರಡಿದ ಮೇಲೆ ಎಲ್ಲಿಂದ ಹೊರಟಿತು ಎಂಬುದನ್ನು ಕಟ್ಟಿಕೊಂಡು ಏನಾಗಬೇಕು ಎಂದು ಹೆಚ್ಚಿನವರು ಆ ಸಾಲನ್ನು ದಾಟಿ ಮುಂದೆ ಹೋಗುತ್ತಾರೆ.

ಆದರೆ ಔಷಧ ಆರಿಸುವ ವೈದ್ಯರು ಆ ಸಾಲಿನ ಬಳಿ ನಿಲ್ಲುತ್ತಾರೆ. ಕೀಮೋಥೆರಪಿಯ ಜೊತೆಗೆ ಕೊಡುವ ನಿರ್ದೇಶಿತ ಔಷಧ (ಗಡ್ಡೆಯ ಬೆಳವಣಿಗೆಗೆ ಬೇಕಾದ ಒಂದು ನಿರ್ದಿಷ್ಟ ಪ್ರೋಟೀನನ್ನು ಗುರಿಯಾಗಿಸುವ ಔಷಧ) ಯಾವುದಿರಬೇಕು ಎಂಬುದನ್ನು ನಿರ್ಧರಿಸುವ ಕೆಲವೇ ಸಂಗತಿಗಳಲ್ಲಿ ಅದೂ ಒಂದು. ಅದಕ್ಕೆ ಹೊಸ ಪರೀಕ್ಷೆ ಬೇಡ, ಪ್ರಯೋಗಾಲಯ ಬೇಡ, ಕಾಯುವುದೂ ಬೇಡ. ಗಡ್ಡೆ ಕರುಳಿನ ಬಲಭಾಗದಲ್ಲಿ ಹುಟ್ಟಿತೇ ಎಡಭಾಗದಲ್ಲಿ ಹುಟ್ಟಿತೇ ಎಂದು ತಿಳಿದರೆ ಸಾಕು. ಇಷ್ಟು ಸರಳವಾದ ಮಾಹಿತಿ ಇಷ್ಟು ತೂಕದ್ದು ಎಂದು ವೈದ್ಯಲೋಕಕ್ಕೆ ಮನದಟ್ಟಾದದ್ದು ತೀರಾ ತಡವಾಗಿ, 2016ರ ಆಸುಪಾಸಿನಲ್ಲಿ.

ಒಂದೇ ಕೊಳವೆ, ಎರಡು ಮೂಲ

ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಹೊಟ್ಟೆಯ ಬಲಗಡೆ ಕೆಳಗೆ, ಅಪೆಂಡಿಕ್ಸ್ ತೂಗುವ ಜಾಗದಲ್ಲಿ, ಸಣ್ಣ ಕರುಳು ಬಂದು ಇದನ್ನು ಸೇರುತ್ತದೆ. ಅಲ್ಲಿನ ಚೀಲದಂಥ ಭಾಗವೇ ಸೀಕಮ್. ಅಲ್ಲಿಂದ ಕರುಳು ಮೇಲಕ್ಕೆ ಏರಿ ಲಿವರ್‌ನ ಕೆಳಗೆ ತಿರುಗುತ್ತದೆ, ಹೊಟ್ಟೆಯನ್ನು ಅಡ್ಡಲಾಗಿ ದಾಟುತ್ತದೆ, ಎಡಗಡೆ ಗುಲ್ಮದ ಬಳಿ ಮತ್ತೆ ತಿರುಗಿ ಕೆಳಗಿಳಿಯುತ್ತದೆ. ಕೊನೆಗೆ ಸಿಗ್ಮಾಯ್ಡ್ ಎಂಬ ಸೊಟ್ಟ ಭಾಗವನ್ನು ಹಾದು ಗುದನಾಳ ಸೇರುತ್ತದೆ. ಸೀಕಮ್, ಏರುವ ಭಾಗ, ಲಿವರ್ ಬಳಿಯ ತಿರುವು ಇವಿಷ್ಟು ಬಲಭಾಗ. ಗುಲ್ಮದ ಬಳಿಯ ತಿರುವಿನಿಂದ ಕೆಳಗೆ ಇಳಿಯುವ ಭಾಗ ಮತ್ತು ಸಿಗ್ಮಾಯ್ಡ್ ಎಡಭಾಗ. ಔಷಧದ ಲೆಕ್ಕಾಚಾರಕ್ಕೆ ಗುದನಾಳವನ್ನೂ ಸಾಮಾನ್ಯವಾಗಿ ಎಡಕ್ಕೇ ಸೇರಿಸುತ್ತಾರೆ. ಅಡ್ಡ ಹೋಗುವ ಭಾಗದ ವಿಷಯ ಸ್ವಲ್ಪ ತೊಡಕಿನದು, ಅದನ್ನು ಆಮೇಲೆ ನೋಡೋಣ.

ಕಣ್ಣಿಗೆ ಇದು ಒಂದೇ ಕೊಳವೆ. ಎಲ್ಲಿಯೂ ಬೆಸುಗೆಯ ಗೆರೆ ಕಾಣುವುದಿಲ್ಲ. ಆದರೆ ತಾಯಿಯ ಹೊಟ್ಟೆಯಲ್ಲಿ ಭ್ರೂಣ ಬೆಳೆಯುವಾಗ ಇದು ಎರಡು ಬೇರೆ ಮೂಲಗಳಿಂದ ರೂಪುಗೊಳ್ಳುತ್ತದೆ. ಸೀಕಮ್‌ನಿಂದ ಅಡ್ಡ ಭಾಗದ ಮೂರನೇ ಎರಡರಷ್ಟು ದೂರದವರೆಗಿನದು ಭ್ರೂಣದ ಕರುಳಿನ ನಡುಭಾಗದಿಂದ ಬಂದದ್ದು. ಉಳಿದದ್ದು ಹಿಂಭಾಗದಿಂದ ಬಂದದ್ದು. ನಾವು ದೊಡ್ಡವರಾದ ಮೇಲೂ ಆ ಗುರುತು ಅಳಿಸಿಹೋಗುವುದಿಲ್ಲ. ಬಲಭಾಗಕ್ಕೆ ರಕ್ತ ಕೊಡುವ ಮುಖ್ಯ ಧಮನಿಯೇ ಬೇರೆ, ಎಡಭಾಗಕ್ಕೆ ಕೊಡುವುದೇ ಬೇರೆ. ಒಳಗೆ ಇರುವ ಸೂಕ್ಷ್ಮಜೀವಿಗಳ ಸಮುದಾಯವೂ ಎರಡು ಕಡೆ ಒಂದೇ ತೆರನಾಗಿಲ್ಲ. ಬಲಗಡೆ ಮಲ ಇನ್ನೂ ನೀರಾಗಿರುತ್ತದೆ. ಎಡಕ್ಕೆ ಬರುವಷ್ಟರಲ್ಲಿ ನೀರೆಲ್ಲ ಹೀರಿಹೋಗಿ ಗಟ್ಟಿಯಾಗುತ್ತದೆ.

ರೋಗದ ಲಕ್ಷಣಗಳಲ್ಲಿಯೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಲಭಾಗ ಅಗಲವಾದದ್ದು, ಅಲ್ಲಿ ಹರಿಯುವುದು ತೆಳುವಾದದ್ದು. ಹಾಗಾಗಿ ಗಡ್ಡೆ ಸಾಕಷ್ಟು ದೊಡ್ಡದಾದರೂ ಹೊಟ್ಟೆ ಕಟ್ಟುವುದಿಲ್ಲ. ದಿನಕ್ಕೆ ಇಷ್ಟಿಷ್ಟು ರಕ್ತ ಜಿನುಗುತ್ತಾ, ಕಣ್ಣಿಗೆ ಕಾಣದಂತೆ ಮಲದಲ್ಲಿ ಬೆರೆತು ಹೋಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಕಾರಣ ತಿಳಿಯದ ಸುಸ್ತು, ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಕೊರತೆ ಎಂದು ಆರಂಭವಾಗಿ, ಕಬ್ಬಿಣದ ಮಾತ್ರೆ ನುಂಗುತ್ತಾ ತಿಂಗಳುಗಳು ಕಳೆದು, ಕೊನೆಗೆ ಯಾರೋ ಕೊಲೊನೋಸ್ಕೋಪಿ ಮಾಡಿಸಿದಾಗ ಗಡ್ಡೆ ಸಿಗುತ್ತದೆ. ಎಡಗಡೆಯ ಗಡ್ಡೆ ಹೀಗೆ ಅಡಗಿಕೊಳ್ಳುವುದು ಕಡಿಮೆ. ಮಲದಲ್ಲಿ ಕೆಂಪು ರಕ್ತ ಕಾಣುತ್ತದೆ, ಮಲವಿಸರ್ಜನೆಯ ಕ್ರಮ ಬದಲಾಗುತ್ತದೆ, ಕೆಲವೊಮ್ಮೆ ಕರುಳೇ ಕಟ್ಟಿಕೊಳ್ಳುತ್ತದೆ.

ಈ ಎರಡನ್ನೂ ಬೇರೆ ಬೇರೆ ಬಗೆಯ ಕ್ಯಾನ್ಸರ್ ಎಂದೇ ನೋಡಬೇಕೇನೋ ಎಂಬ ವಿಚಾರವನ್ನು ಬುಫಿಲ್ ಎಂಬ ವೈದ್ಯರು 1990ರಲ್ಲೇ ಮುಂದಿಟ್ಟಿದ್ದರು. ಆದರೆ ಔಷಧ ಬರೆಯುವ ಕೈ ಅದನ್ನು ಗಮನಿಸಲು ಇನ್ನೂ ಕಾಲು ಶತಮಾನ ಹಿಡಿಯಿತು.

ತೂಬು, ಕಾಲುವೆ ಮತ್ತು ಬುಗ್ಗೆ

ಈಗ ಔಷಧಗಳ ಕಡೆಗೆ ಬರೋಣ. ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆಯ ಬೆನ್ನೆಲುಬು ಇಂದಿಗೂ ಕೀಮೋಥೆರಪಿಯೇ. ಫಾಲ್‌ಫಾಕ್ಸ್, ಫಾಲ್‌ಫಿರಿ ಎಂಬ ಕೀಮೋ ಮಿಶ್ರಣಗಳ ಹೆಸರುಗಳನ್ನು ಈ ರೋಗ ಹೊಕ್ಕ ಮನೆಯವರೆಲ್ಲ ಕೇಳಿರುತ್ತಾರೆ. ಅದರ ಜೊತೆ ಸೇರಿಸುವ ನಿರ್ದೇಶಿತ ಔಷಧಗಳಲ್ಲಿ ಎರಡು ಮುಖ್ಯ ಬಗೆಗಳಿವೆ.

ಮೊದಲನೆಯದು ಸೆಟುಕ್ಸಿಮ್ಯಾಬ್ ಮತ್ತು ಪಾನಿಟುಮುಮ್ಯಾಬ್. ಇವು ಜೀವಕೋಶದ ಮೇಲ್ಮೈಯಲ್ಲಿರುವ ಇಜಿಎಫ್‌ಆರ್ ಎಂಬ ಗ್ರಾಹಕ ಪ್ರೋಟೀನನ್ನು ಮುಚ್ಚುತ್ತವೆ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಒಂದು ಕಾಲುವೆಯನ್ನು ಕಲ್ಪಿಸಿಕೊಳ್ಳಿ. ಇಜಿಎಫ್‌ಆರ್ ಎಂದರೆ ಕಾಲುವೆಯ ತಲೆಯಲ್ಲಿರುವ ತೂಬು. ಹೊರಗಿನಿಂದ ಬೆಳವಣಿಗೆಯ ಸಂದೇಶ ಬಂದಾಗ ತೂಬು ತೆರೆದುಕೊಳ್ಳುತ್ತದೆ, ಆ ಸಂದೇಶ ರಾಸ್ ಮತ್ತು ರಾಫ್ ಎಂಬ ಪ್ರೋಟೀನುಗಳ ಮೂಲಕ ಹರಿದು ಜೀವಕೋಶದ ಕೇಂದ್ರ ತಲುಪುತ್ತದೆ, ಜೀವಕೋಶ ಒಡೆದು ಎರಡಾಗುತ್ತದೆ. ಸೆಟುಕ್ಸಿಮ್ಯಾಬ್ ಆ ತೂಬನ್ನು ಮುಚ್ಚುತ್ತದೆ. ನೀರು ನಿಂತರೆ ಗದ್ದೆ ಒಣಗುತ್ತದೆ.

ಆದರೆ ತೂಬಿನ ಕೆಳಗೆ, ಕಾಲುವೆಯೊಳಗೇ ಬುಗ್ಗೆ ಎದ್ದಿದ್ದರೆ? ಆಗ ತೂಬು ಮುಚ್ಚಿ ಏನು ಪ್ರಯೋಜನ? ಕೆ-ರಾಸ್ ಜೀನ್‌ನಲ್ಲಿ ಮ್ಯುಟೇಷನ್ (ಜೀನ್ ಬದಲಾವಣೆ) ಆದರೆ ಆಗುವುದು ಇದೇ. ಮೇಲಿನಿಂದ ಸಂದೇಶ ಬರಲಿ ಬಿಡಲಿ, ರಾಸ್ ಸದಾ ಚಾಲೂ ಆಗಿಯೇ ಇರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 40ಕ್ಕೂ ಹೆಚ್ಚಿನವುಗಳಲ್ಲಿ ಕೆ-ರಾಸ್ ಮ್ಯುಟೇಷನ್ ಇರುತ್ತದೆ. ಅದರ ಸೋದರ ಎನ್-ರಾಸ್‌ನಲ್ಲಿ ಕೆಲವರಿಗೆ ಇರುತ್ತದೆ. ಸೆಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2004ರಲ್ಲಿ. ಕೆ-ರಾಸ್ ಮ್ಯುಟೇಷನ್ ಇದ್ದವರಿಗೆ ಅದರಿಂದ ಉಪಯೋಗವಿಲ್ಲ ಎಂದು ಸ್ಪಷ್ಟವಾದದ್ದು 2008ರಲ್ಲಿ. ಎನ್-ರಾಸ್ ಸೇರಿದಂತೆ ಇನ್ನಷ್ಟು ಮ್ಯುಟೇಷನ್‌ಗಳನ್ನೂ ನೋಡಬೇಕು ಎಂದು ತಿಳಿದದ್ದು 2013ರಲ್ಲಿ. ಅಷ್ಟು ವರ್ಷ ಎಷ್ಟೋ ಜನ ಫಲವಿಲ್ಲದ ಔಷಧದ ಅಡ್ಡಪರಿಣಾಮವನ್ನಷ್ಟೇ ಅನುಭವಿಸಿದರು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಇಂದು ರಾಸ್ ಪರೀಕ್ಷೆ ಮಾಡಿಸದೆ ಈ ಔಷಧಗಳನ್ನು ಕೊಡುವುದು ತಪ್ಪು.

ಎರಡನೆಯ ಬಗೆ ಬೆವಾಸಿಜುಮ್ಯಾಬ್. ಇದು ಕಾಲುವೆಯ ತಂಟೆಗೇ ಹೋಗುವುದಿಲ್ಲ. ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳಲು ಹೊರಸೂಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಇದು ಹಿಡಿದುಹಾಕುತ್ತದೆ. ರಾಸ್ ಹೇಗೆಯೇ ಇರಲಿ, ಇದನ್ನು ಕೊಡಬಹುದು. ಇದೂ ಅಮೆರಿಕದ ಮಾರುಕಟ್ಟೆಗೆ ಬಂದದ್ದು 2004ರಲ್ಲೇ, ಅದೇ ಫೆಬ್ರುವರಿ ತಿಂಗಳಿನಲ್ಲಿ.

ಹಾಗಾದರೆ ರಾಸ್ ಮ್ಯುಟೇಷನ್ ಇಲ್ಲದವರಿಗೆ, ಅಂದರೆ ವೈದ್ಯರು ವೈಲ್ಡ್ ಟೈಪ್ ಎನ್ನುವವರಿಗೆ, ಎರಡೂ ದಾರಿ ತೆರೆದಿದೆ. ಯಾವುದನ್ನು ಮೊದಲು ಕೊಡಬೇಕು?

ಸಮ ಎಂದು ಬಂದ ಉತ್ತರದೊಳಗೆ

ಈ ಪ್ರಶ್ನೆಗೆ ಉತ್ತರ ಹುಡುಕಲು ಉತ್ತರ ಅಮೆರಿಕದಲ್ಲಿ ಸಿಎಎಲ್‌ಜಿಬಿ 80405 ಎಂಬ ಭಾರೀ ಅಧ್ಯಯನ ನಡೆಯಿತು. ಕೆ-ರಾಸ್ ವೈಲ್ಡ್ ಟೈಪ್ ಇದ್ದ 1,137 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಕೀಮೋ ಜೊತೆ ಸೆಟುಕ್ಸಿಮ್ಯಾಬ್, ಉಳಿದರ್ಧಕ್ಕೆ ಕೀಮೋ ಜೊತೆ ಬೆವಾಸಿಜುಮ್ಯಾಬ್. ಫಲಿತಾಂಶ ಸಪ್ಪೆಯಾಗಿತ್ತು. ಬದುಕುಳಿದ ಅವಧಿಯ ಮಧ್ಯಾಂಕ ಸೆಟುಕ್ಸಿಮ್ಯಾಬ್ ಗುಂಪಿನಲ್ಲಿ 30.0 ತಿಂಗಳು, ಬೆವಾಸಿಜುಮ್ಯಾಬ್ ಗುಂಪಿನಲ್ಲಿ 29.0 ತಿಂಗಳು. ಮಧ್ಯಾಂಕ ಎಂದರೆ ಗುಂಪಿನ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದರು, ಅರ್ಧ ಜನ ಅದಕ್ಕಿಂತ ಕಡಿಮೆ. ಒಬ್ಬ ವ್ಯಕ್ತಿಗೆ ಉಳಿದಿರುವ ಆಯುಷ್ಯ ಎಂದು ಇದನ್ನು ಯಾರೂ ಓದಬಾರದು. ಅಂತೂ ಎರಡೂ ಸಮ, ಯಾವುದನ್ನು ಕೊಟ್ಟರೂ ನಡೆಯುತ್ತದೆ ಎಂದಾಯಿತು.

2016ರಲ್ಲಿ ಅಧ್ಯಯನದ ಮುಖ್ಯಸ್ಥ ಅಲನ್ ವೆನೂಕ್ ಮತ್ತು ಸಂಗಡಿಗರು ಅದೇ ಅಂಕಿಅಂಶಗಳನ್ನು ಗಡ್ಡೆ ಹುಟ್ಟಿದ ಜಾಗಕ್ಕೆ ತಕ್ಕಂತೆ ವಿಂಗಡಿಸಿ ಅಮೆರಿಕದ ಕ್ಯಾನ್ಸರ್ ತಜ್ಞರ ವಾರ್ಷಿಕ ಸಮ್ಮೇಳನದಲ್ಲಿ ಮಂಡಿಸಿದರು. ಸಮ ಎಂದುಕೊಂಡಿದ್ದರೊಳಗೆ ಎರಡು ವಿರುದ್ಧ ಕಥೆಗಳು ಅಡಗಿದ್ದವು. ಸೆಟುಕ್ಸಿಮ್ಯಾಬ್ ಪಡೆದವರಲ್ಲಿ ಎಡಭಾಗದ ಗಡ್ಡೆಯವರ ಮಧ್ಯಾಂಕ 36.0 ತಿಂಗಳು. ಅದೇ ಔಷಧ ಪಡೆದ ಬಲಭಾಗದವರದು ಕೇವಲ 16.7 ತಿಂಗಳು. ಬೆವಾಸಿಜುಮ್ಯಾಬ್ ಪಡೆದವರಲ್ಲಿ ಎಡಕ್ಕೆ 31.4, ಬಲಕ್ಕೆ 24.2. ಒಮ್ಮೆ ನಿಧಾನವಾಗಿ ಈ ನಾಲ್ಕು ಸಂಖ್ಯೆಗಳನ್ನು ನೋಡಿ. ಎಡಗಡೆ ಸೆಟುಕ್ಸಿಮ್ಯಾಬ್ ಮುಂದಿದೆ, ಬಲಗಡೆ ಬೆವಾಸಿಜುಮ್ಯಾಬ್ ಮುಂದಿದೆ. ಎರಡನ್ನೂ ಒಟ್ಟಿಗೆ ಕೂಡಿಸಿದಾಗ ಒಂದರ ಲಾಭವನ್ನು ಇನ್ನೊಂದರ ನಷ್ಟ ನುಂಗಿಹಾಕಿತ್ತು.

ಯಾವ ಔಷಧ ಕೊಟ್ಟರೂ ಬಲಭಾಗದವರ ಅವಧಿ ಕಡಿಮೆಯೇ ಇತ್ತು ಎಂಬುದನ್ನೂ ಗಮನಿಸಬೇಕು. ಹಾಗಾಗಿ ಇಲ್ಲಿ ಎರಡು ಸಂಗತಿಗಳಿವೆ, ಇವನ್ನು ಕಲಸಿಕೊಳ್ಳಬಾರದು. ಬಲಭಾಗದ ಕ್ಯಾನ್ಸರ್ ಹರಡಿದ ಮೇಲೆ ಸಾಮಾನ್ಯವಾಗಿ ಹೆಚ್ಚು ಉಗ್ರವಾಗಿ ವರ್ತಿಸುತ್ತದೆ ಎಂಬುದು ಒಂದು. ಒಂದು ಬಗೆಯ ಔಷಧ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಬದಲಿಸಲಾಗದು. ಎರಡನೆಯದರ ಬಗ್ಗೆ ಏನಾದರೂ ಮಾಡಬಹುದು.

ಇದು ಒಂದು ಅಧ್ಯಯನದ ಆಕಸ್ಮಿಕವೇ ಎಂಬ ಅನುಮಾನ ಸಹಜ. ಅಂಕಿಅಂಶಗಳನ್ನು ಬೇಕಾದಂತೆ ತುಂಡು ಮಾಡುತ್ತಾ ಹೋದರೆ ಎಲ್ಲಾದರೂ ಏನಾದರೂ ಸಿಕ್ಕೇ ಸಿಗುತ್ತದೆ. ಆದರೆ ಜರ್ಮನಿಯ ತಜ್ಞರು ನಡೆಸಿದ ಫೈರ್-3 ಅಧ್ಯಯನದಲ್ಲಿಯೂ ಇದೇ ಚಿತ್ರ ಮೂಡಿತು. ಅಲ್ಲಿ ರಾಸ್ ವೈಲ್ಡ್ ಟೈಪ್ ಇದ್ದವರಲ್ಲಿ ಎಡಭಾಗಕ್ಕೆ ಸೆಟುಕ್ಸಿಮ್ಯಾಬ್‌ನಿಂದ 38.3 ತಿಂಗಳು, ಬೆವಾಸಿಜುಮ್ಯಾಬ್‌ನಿಂದ 28.0. ಬಲಭಾಗಕ್ಕೆ ಬಂದರೆ 18.3 ಮತ್ತು 23.0, ತಕ್ಕಡಿ ಇನ್ನೊಂದು ಕಡೆಗೆ ವಾಲಿತ್ತು.

ನನಗೆ ಇವೆರಡಕ್ಕಿಂತ ಕಣ್ಣು ತೆರೆಸುವಂತೆ ಕಾಣುವುದು ಇವಕ್ಕಿಂತ ಹಳೆಯ, ಚಿಕ್ಕದಾದ ಒಂದು ವಿಶ್ಲೇಷಣೆ. ಕೀಮೋದ ಎಲ್ಲ ದಾರಿಗಳೂ ಮುಗಿದಿದ್ದ ರೋಗಿಗಳಿಗೆ ಸೆಟುಕ್ಸಿಮ್ಯಾಬ್ ಒಂದನ್ನೇ ಕೊಟ್ಟು, ಬರೀ ಆರೈಕೆ ಪಡೆದವರ ಜೊತೆ ಹೋಲಿಸಿದ ಕೆನಡಾ ಮೂಲದ ಸಿಒ.17 ಅಧ್ಯಯನ ಅದು. ಕೀಮೋ ಬೆರೆಯದ ಕಾರಣ ಔಷಧದ ನಿಜವಾದ ಶಕ್ತಿ ಅಲ್ಲಿ ಬೆತ್ತಲಾಗಿ ಕಾಣುತ್ತದೆ. ಕೆ-ರಾಸ್ ವೈಲ್ಡ್ ಟೈಪ್ ಇದ್ದ ಎಡಭಾಗದವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿ ಔಷಧವಿಲ್ಲದೆ 1.8 ತಿಂಗಳು, ಔಷಧದಿಂದ 5.4 ತಿಂಗಳು. ಬಲಭಾಗದವರಲ್ಲಿ ಔಷಧವಿಲ್ಲದೆ 1.9, ಔಷಧ ಕೊಟ್ಟರೂ 1.9.

ಜಾಗಕ್ಕೆ ಔಷಧ ಗೊತ್ತಾಗುವುದೇ?

ಖಂಡಿತ ಇಲ್ಲ. ರಕ್ತದಲ್ಲಿ ಸೇರಿದ ಔಷಧ ದೇಹದ ಎಲ್ಲ ಕಡೆಗೂ ಒಂದೇ ಸಮ ಹೋಗುತ್ತದೆ. ಹರಡಿದ ಗಂಟುಗಳಂತೂ ಕರುಳಿನಲ್ಲೇ ಇರುವುದಿಲ್ಲ, ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಕೂತಿರುತ್ತವೆ. ಆದರೂ ಲಿವರ್‌ನಲ್ಲಿರುವ ಗಂಟು ತಾನು ಹುಟ್ಟಿದ ಜಾಗದ ಗುಣವನ್ನು ಹೊತ್ತುಕೊಂಡೇ ಬಂದಿರುತ್ತದೆ. ಬಲ, ಎಡ ಎನ್ನುವುದು ಆ ಒಳಗಿನ ಗುಣಕ್ಕೆ ನಾವು ಹೊರಗಿನಿಂದ ಅಂಟಿಸಿರುವ ಚೀಟಿ.

ಆ ಗುಣ ಯಾವುದು? ಬಲಭಾಗದ ಗಡ್ಡೆಗಳಲ್ಲಿ ಬಿ-ರಾಫ್ ಜೀನ್‌ನ ವಿ600ಇ ಎಂಬ ಮ್ಯುಟೇಷನ್ ಹೆಚ್ಚು. ಕಾಲುವೆಯ ಹೋಲಿಕೆಯಲ್ಲಿ ಹೇಳುವುದಾದರೆ ಇದು ರಾಸ್‌ಗಿಂತಲೂ ಕೆಳಗೆ ಎದ್ದ ಬುಗ್ಗೆ. ಡಿಎನ್‌ಎಯ ಸರಿಪಡಿಸುವ ವ್ಯವಸ್ಥೆ ಕೆಟ್ಟು ತಪ್ಪುಗಳು ರಾಶಿಬೀಳುವ ಎಂಎಸ್‌ಐ ಎಂಬ ಸ್ಥಿತಿಯೂ ಬಲಗಡೆಯೇ ಹೆಚ್ಚು. ಜೀನ್‌ಗಳ ಮೇಲೆ ಮೀಥೈಲ್ ಎಂಬ ರಾಸಾಯನಿಕ ಬೀಗ ಬಿದ್ದು ಅವು ಮೌನವಾಗುವುದು ಕೂಡ ಅಲ್ಲೇ ಹೆಚ್ಚು. ಅಲ್ಲಿನ ಅನೇಕ ಗಡ್ಡೆಗಳು ಹುಟ್ಟುವುದೇ ಚಪ್ಪಟೆಯಾದ, ಅಂಚು ಗರಗಸದಂತಿರುವ ಪಾಲಿಪ್‌ಗಳಿಂದ, ಅಂದರೆ ಕರುಳಿನ ಒಳಗೋಡೆಯ ಸಣ್ಣ ಬೆಳವಣಿಗೆಗಳಿಂದ. ಕೊಲೊನೋಸ್ಕೋಪಿಯಲ್ಲಿ ಅವು ಸುಲಭವಾಗಿ ಕಣ್ತಪ್ಪುತ್ತವೆ. ಎಡಭಾಗದ ಗಡ್ಡೆಗಳ ಹುಟ್ಟು ಹೆಚ್ಚಾಗಿ ತೊಟ್ಟಿರುವ, ಉಬ್ಬಿದ ಪಾಲಿಪ್‌ಗಳಿಂದ.

ಸರಿ, ಬಿ-ರಾಫ್ ಮತ್ತು ಎಂಎಸ್‌ಐ ಇರುವವರನ್ನು ಬದಿಗಿಟ್ಟು ಉಳಿದವರನ್ನು ಮಾತ್ರ ನೋಡಿದರೆ ವ್ಯತ್ಯಾಸ ಮಾಯವಾಗಬೇಕಲ್ಲ? ಕಡಿಮೆಯಾಗುತ್ತದೆ, ಮಾಯವಾಗುವುದಿಲ್ಲ. ಇಲ್ಲಿಯೇ ವಿಷಯ ಕುತೂಹಲ ಕೆರಳಿಸುವುದು. ತೂಬನ್ನು ತೆರೆಸುವ ಸಂದೇಶವಾಹಕಗಳಿವೆಯಲ್ಲ, ಆಂಫಿರೆಗ್ಯುಲಿನ್ ಮತ್ತು ಎಪಿರೆಗ್ಯುಲಿನ್ ಎಂಬ ಪ್ರೋಟೀನುಗಳು, ಎಡಭಾಗದ ಗಡ್ಡೆಗಳಲ್ಲಿ ಅವು ಸಮೃದ್ಧವಾಗಿರುತ್ತವೆ. ಅಂದರೆ ಎಡಭಾಗದ ಗಡ್ಡೆ ಆ ತೂಬಿನ ನೀರನ್ನೇ ನೆಚ್ಚಿಕೊಂಡು ಬೆಳೆಯುತ್ತಿರುತ್ತದೆ. ಮುಚ್ಚಿದರೆ ತತ್ತರಿಸುತ್ತದೆ. ಬಲಭಾಗದ ಅನೇಕ ಗಡ್ಡೆಗಳಲ್ಲಿ ಈ ಸಂದೇಶವಾಹಕಗಳ ಜೀನ್‌ಗಳಿಗೇ ಮೀಥೈಲ್ ಬೀಗ ಬಿದ್ದಿರುತ್ತದೆ. ಆ ಗಡ್ಡೆ ಬೇರೆ ಕಡೆಯಿಂದ ನೀರು ತಂದುಕೊಂಡು ಬದುಕಲು ಕಲಿತಿದೆ. ಒಣಗಿದ ತೂಬನ್ನು ಮುಚ್ಚುವುದರಿಂದ ಅದಕ್ಕೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ಕರುಳಿನ ಉದ್ದಕ್ಕೂ ಈ ಗುಣಗಳು ಸೀಕಮ್‌ನಿಂದ ಗುದನಾಳದವರೆಗೆ ಹಂತಹಂತವಾಗಿ ಬದಲಾಗುತ್ತಾ ಹೋಗುತ್ತವೆ, ಒಂದು ಗೆರೆಯ ಆಚೆ ಈಚೆ ಥಟ್ಟನೆ ಬದಲಾಗುವುದಿಲ್ಲ ಎಂದು 2012ರಲ್ಲೇ ಪ್ರಕಟವಾದ ಸಂಶೋಧನೆ ತೋರಿಸಿತ್ತು. ಬಲ, ಎಡ ಎಂಬ ವಿಂಗಡಣೆ ನಮ್ಮ ಅನುಕೂಲಕ್ಕಾಗಿ ಮಾಡಿಕೊಂಡದ್ದು. ಬಲಗಡೆಯೂ ತೂಬನ್ನೇ ನೆಚ್ಚಿದ ಗಡ್ಡೆಗಳಿವೆ, ಎಡಗಡೆಯೂ ನೆಚ್ಚದವಿವೆ.

ಮೊದಲೇ ನಿರ್ಧರಿಸಿ ನಡೆಸಿದ ಪರೀಕ್ಷೆ

ಈವರೆಗೆ ಹೇಳಿದ ವಿಶ್ಲೇಷಣೆಗಳೆಲ್ಲ ಹಿಂದಿರುಗಿ ನೋಡಿ ಮಾಡಿದವು. ಬಲ ಎಡಗಳನ್ನು ಹೋಲಿಸಬೇಕೆಂದು ಅಧ್ಯಯನ ಶುರುವಾಗುವಾಗ ಯಾರೂ ಯೋಚಿಸಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು ಜಪಾನಿನ ಪ್ಯಾರಡೈಮ್ ಅಧ್ಯಯನ. ರಾಸ್ ವೈಲ್ಡ್ ಟೈಪ್ ಇದ್ದ ಎಂಟುನೂರಕ್ಕೂ ಹೆಚ್ಚು ರೋಗಿಗಳಿಗೆ ಫಾಲ್‌ಫಾಕ್ಸ್ ಜೊತೆ ಪಾನಿಟುಮುಮ್ಯಾಬ್ ಅಥವಾ ಬೆವಾಸಿಜುಮ್ಯಾಬ್ ಕೊಟ್ಟು, ಎಡಭಾಗದವರಲ್ಲಿ ಏನಾಗುತ್ತದೆ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡಿತ್ತು. 2022ರಲ್ಲಿ ಮಂಡನೆಯಾಗಿ 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎಡಭಾಗದವರ ಮಧ್ಯಾಂಕ ಪಾನಿಟುಮುಮ್ಯಾಬ್‌ನಿಂದ 37.9 ತಿಂಗಳು, ಬೆವಾಸಿಜುಮ್ಯಾಬ್‌ನಿಂದ 34.3. ಬಲಭಾಗದವರಲ್ಲಿ ಪಾನಿಟುಮುಮ್ಯಾಬ್‌ನಿಂದ ಅಂಥ ಲಾಭ ಕಾಣಲಿಲ್ಲ.

ಮೂರೂವರೆ ತಿಂಗಳ ವ್ಯತ್ಯಾಸ ಅಷ್ಟೇನಾ ಎನಿಸಬಹುದು. ಅದರ ಹಿಂದೆ ಇನ್ನೊಂದು ಸಂಗತಿಯಿದೆ. ಎಡಭಾಗದವರಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಪಾನಿಟುಮುಮ್ಯಾಬ್ ಪಡೆದ ಶೇ 80ರಷ್ಟು ಜನರಲ್ಲಿ, ಬೆವಾಸಿಜುಮ್ಯಾಬ್ ಪಡೆದ ಶೇ 69ರಷ್ಟು ಜನರಲ್ಲಿ. ಲಿವರ್‌ನಲ್ಲಿರುವ ಗಂಟುಗಳು ಚೆನ್ನಾಗಿ ಕುಗ್ಗಿದರೆ, ಮೊದಲು ಆಪರೇಷನ್ ಸಾಧ್ಯವಿಲ್ಲ ಎಂದಿದ್ದ ಸರ್ಜನ್ ಈಗ ಸಾಧ್ಯ ಎನ್ನಬಹುದು. ನಾಲ್ಕನೇ ಹಂತದಲ್ಲಿಯೂ ರೋಗವನ್ನು ಪೂರ್ತಿ ತೆಗೆದುಹಾಕುವ ಅವಕಾಶ ಕೆಲವರಿಗಾದರೂ ತೆರೆಯುವುದು ಈ ಬಾಗಿಲಿನಿಂದ. ಅಂಥವರಿಗೆ ಮಧ್ಯಾಂಕದ ಲೆಕ್ಕ ಅನ್ವಯವಾಗುವುದೇ ಇಲ್ಲ.

ಅದೇ ಅಧ್ಯಯನದ ರಕ್ತದ ಮಾದರಿಗಳನ್ನು ಆಮೇಲೆ ಪರೀಕ್ಷಿಸಿದಾಗ ಇನ್ನೂ ಒಂದು ಸುಳಿವು ಸಿಕ್ಕಿತು. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ತುಣುಕುಗಳಲ್ಲಿ ರಾಸ್, ಬಿ-ರಾಫ್ ಮಾತ್ರವಲ್ಲದೆ ಔಷಧಕ್ಕೆ ಅಡ್ಡಬರಬಹುದಾದ ಇನ್ನೂ ಹಲವು ಬದಲಾವಣೆಗಳನ್ನು ಹುಡುಕಿದರು. ಅವು ಯಾವುವೂ ಇಲ್ಲದವರಲ್ಲಿ, ಗಡ್ಡೆ ಬಲಗಡೆ ಇದ್ದಾಗಲೂ ಪಾನಿಟುಮುಮ್ಯಾಬ್ ಕಡೆಗೇ ಫಲಿತಾಂಶ ವಾಲುವಂತೆ ಕಂಡಿತು. ಅಂಥ ಬಲಭಾಗದ ರೋಗಿಗಳ ಸಂಖ್ಯೆ ಚಿಕ್ಕದು, ಹಾಗಾಗಿ ಇದರ ಮೇಲೆ ಹೆಚ್ಚು ಭಾರ ಹೇರಬಾರದು. ಆದರೂ ಹೊರಗಿನ ಚೀಟಿಯ ಬದಲು ಒಳಗಿನ ಗುಣವನ್ನೇ ನೇರವಾಗಿ ಓದುವ ದಿನ ಹತ್ತಿರವಾಗುತ್ತಿದೆ ಎಂದು ನನಗನಿಸುತ್ತದೆ.

ಬಲಭಾಗದವರಿಗೆ ಹಾಗಾದರೆ ಏನು?

ಇದನ್ನು ಓದುತ್ತಿರುವವರ ಮನೆಯಲ್ಲಿ ಬಲಭಾಗದ ಗಡ್ಡೆಯವರಿದ್ದರೆ ಇಷ್ಟು ಹೊತ್ತಿಗೆ ಮನಸ್ಸು ಕುಗ್ಗಿರಬಹುದು. ಅವರಿಗೆ ಹೇಳಬೇಕಾದದ್ದು ಬಹಳವಿದೆ.

ಮೊದಲಿಗೆ, ಎಂಎಸ್‌ಐ ಪರೀಕ್ಷೆ. ಹರಡಿದ ರೋಗದಲ್ಲಿ ಇದು ಇರುವುದು ನೂರಕ್ಕೆ ನಾಲ್ಕೈದು ಜನರಲ್ಲಿ ಮಾತ್ರ, ಅವರಲ್ಲಿ ಹೆಚ್ಚಿನವರು ಬಲಭಾಗದವರೇ. ಈ ಗಡ್ಡೆಗಳಲ್ಲಿ ತಪ್ಪುಗಳ ರಾಶಿಯೇ ಇರುವುದರಿಂದ ದೇಹದ ರೋಗನಿರೋಧಕ ವ್ಯವಸ್ಥೆ ಅವನ್ನು ಪರಕೀಯ ಎಂದು ಗುರುತಿಸಬಲ್ಲದು. 2020ರಲ್ಲಿ ಪ್ರಕಟವಾದ ಕೀನೋಟ್-177 ಅಧ್ಯಯನದಲ್ಲಿ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವೊಂದನ್ನೇ ಕೊಟ್ಟಾಗ ರೋಗ ಮುಂದುವರಿಯದೆ ನಿಂತ ಅವಧಿ 16.5 ತಿಂಗಳು, ಕೀಮೋಥೆರಪಿಯಲ್ಲಿ 8.2 ತಿಂಗಳು. ಇಂಥವರ ವಿಷಯದಲ್ಲಿ ಸೆಟುಕ್ಸಿಮ್ಯಾಬೋ ಬೆವಾಸಿಜುಮ್ಯಾಬೋ ಎಂಬ ಚರ್ಚೆಯೇ ಮೊದಲು ಏಳುವುದಿಲ್ಲ.

ಎರಡನೆಯದು ಬಿ-ರಾಫ್ ವಿ600ಇ. ಇದರ ಕಥೆ ಸ್ವಲ್ಪ ನಿಂತು ನೋಡುವಂಥದ್ದು. ಚರ್ಮದ ಕ್ಯಾನ್ಸರ್ ಆದ ಮೆಲನೋಮಾದಲ್ಲಿ ಬಿ-ರಾಫ್ ತಡೆಯುವ ಮಾತ್ರೆ ಅದ್ಭುತವಾಗಿ ಕೆಲಸ ಮಾಡಿತು. ಅದೇ ಮ್ಯುಟೇಷನ್ ಇದ್ದ ಕರುಳಿನ ಕ್ಯಾನ್ಸರ್‌ನಲ್ಲಿ ಅದೇ ಮಾತ್ರೆ ಹೆಚ್ಚುಕಡಿಮೆ ನಿಷ್ಫಲವಾಯಿತು. ಕಾರಣ ತಿಳಿದದ್ದು 2012ರಲ್ಲಿ. ಕೆಳಗಿನ ಬುಗ್ಗೆಯನ್ನು ಮುಚ್ಚಿದ ಕೂಡಲೇ ಕರುಳಿನ ಕ್ಯಾನ್ಸರ್ ಕೋಶ ಮೇಲಿನ ತೂಬನ್ನು ಪೂರ್ತಿ ತೆರೆದುಬಿಡುತ್ತದೆ. ಹಾಗಾದರೆ ಎರಡನ್ನೂ ಒಟ್ಟಿಗೆ ಮುಚ್ಚಬೇಕು. ಎನ್‌ಕೊರಾಫೆನಿಬ್ ಎಂಬ ಬಿ-ರಾಫ್ ಮಾತ್ರೆಯ ಜೊತೆ ಸೆಟುಕ್ಸಿಮ್ಯಾಬ್ ಕೊಡುವ ಚಿಕಿತ್ಸೆ ಹುಟ್ಟಿದ್ದು ಹೀಗೆ. ಮೊದಲು ಬೇರೆ ಔಷಧಗಳು ವಿಫಲವಾದವರಿಗೆ ಮಾತ್ರ ಇತ್ತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಫಾಲ್‌ಫಾಕ್ಸ್ ಜೊತೆ ಸೇರಿಸಿ ಇದನ್ನು ಮೊದಲ ಚಿಕಿತ್ಸೆಯಾಗಿಯೇ ಕೊಡಲು ಅನುಮತಿಸಿತು. ಬಲಭಾಗಕ್ಕೆ ಸೆಟುಕ್ಸಿಮ್ಯಾಬ್ ಬೇಡ ಎಂಬ ನಿಯಮಕ್ಕೆ ಇದು ದೊಡ್ಡ ಹೊರತು. ಗಡ್ಡೆ ಬಲಗಡೆ ಇದ್ದರೂ, ಸರಿಯಾದ ಜೊತೆಗಾರ ಸಿಕ್ಕರೆ ಅದೇ ಔಷಧ ಕೆಲಸಕ್ಕೆ ಬರುತ್ತದೆ.

ಇವೆರಡೂ ಇಲ್ಲದೆ, ರಾಸ್ ಮ್ಯುಟೇಷನ್ನೂ ಇಲ್ಲದ ಬಲಭಾಗದವರಿಗೆ ಕೀಮೋ ಜೊತೆ ಬೆವಾಸಿಜುಮ್ಯಾಬ್ ಮೊದಲ ಆಯ್ಕೆ. ಗಟ್ಟಿಮುಟ್ಟಾಗಿರುವವರಿಗೆ ಮೂರು ಕೀಮೋ ಔಷಧಗಳನ್ನು ಒಟ್ಟಿಗೆ ಕೊಡುವುದೂ ಇದೆ. ಆಪರೇಷನ್‌ಗಾಗಿ ಗಂಟನ್ನು ಬೇಗ ಕುಗ್ಗಿಸಲೇಬೇಕಾದ ಸಂದರ್ಭದಲ್ಲಿ ಕೆಲವು ತಜ್ಞರು ಬಲಭಾಗಕ್ಕೂ ಸೆಟುಕ್ಸಿಮ್ಯಾಬ್ ಬಳಸುತ್ತಾರೆ. ಆಯುಷ್ಯದ ಲಾಭ ಕಾಣದಿದ್ದರೂ ಗಡ್ಡೆ ಕುಗ್ಗಿಸುವ ಗುಣ ಅಲ್ಲಿ ಪೂರ್ತಿ ಸತ್ತಿರುವುದಿಲ್ಲ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ.

ಎಡಭಾಗದಲ್ಲಿ ಗಡ್ಡೆಯಿದ್ದು ರಾಸ್ ಮ್ಯುಟೇಷನ್ ಇದ್ದರೆ? ಜಾಗ ಎಷ್ಟೇ ಅನುಕೂಲವಾಗಿದ್ದರೂ ಸೆಟುಕ್ಸಿಮ್ಯಾಬ್ ಪ್ರಯೋಜನವಿಲ್ಲ. ಜೀನ್ ಪರೀಕ್ಷೆ ಮೊದಲು, ಜಾಗದ ಪ್ರಶ್ನೆ ಆಮೇಲೆ.

ಮೈಮೇಲೆ ಕಾಣುವುದು

ಈ ಆಯ್ಕೆ ರೋಗಿಯ ದಿನನಿತ್ಯದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಸೆಟುಕ್ಸಿಮ್ಯಾಬ್ ಅಥವಾ ಪಾನಿಟುಮುಮ್ಯಾಬ್ ಆರಂಭಿಸಿದ ಎರಡು ವಾರದೊಳಗೆ ಮುಖ, ಎದೆ, ಬೆನ್ನಿನ ಮೇಲೆ ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಚರ್ಮ ಉರಿಯುತ್ತದೆ, ತುರಿಸುತ್ತದೆ. ಕೆಲವು ವಾರಗಳಾದ ಮೇಲೆ ಬೆರಳ ತುದಿಗಳು ಬಿರುಕು ಬಿಟ್ಟು ಅಂಗಿಯ ಗುಂಡಿ ಹಾಕುವುದೂ ನೋವಾಗುತ್ತದೆ. ಉಗುರಿನ ಅಂಚು ಊದಿಕೊಳ್ಳುತ್ತದೆ, ರೆಪ್ಪೆಗೂದಲು ವಿಚಿತ್ರವಾಗಿ ಉದ್ದ ಬೆಳೆಯುತ್ತದೆ. ಚರ್ಮದ ಕೋಶಗಳಲ್ಲೂ ಅದೇ ತೂಬು ಇರುವುದೇ ಇದಕ್ಕೆ ಕಾರಣ. ಮೊದಲ ದಿನದಿಂದಲೇ ತೇವಾಂಶದ ಕ್ರೀಮ್, ಬಿಸಿಲಿನಿಂದ ರಕ್ಷಣೆ, ವೈದ್ಯರು ಬರೆದುಕೊಡುವ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಶುರುಮಾಡಿದರೆ ತೀವ್ರತೆ ಸಾಕಷ್ಟು ತಗ್ಗುತ್ತದೆ. ಗುಳ್ಳೆ ಎದ್ದ ಮೇಲೆ ನೋಡೋಣ ಎಂದು ಕಾಯಬಾರದು. ರಕ್ತದಲ್ಲಿ ಮೆಗ್ನೀಷಿಯಂ ಇಳಿಯುವುದರಿಂದ ಅದನ್ನೂ ಆಗಾಗ ನೋಡುತ್ತಿರಬೇಕು.

ಬೆವಾಸಿಜುಮ್ಯಾಬ್ ಹೊರಗೆ ಏನನ್ನೂ ತೋರಿಸುವುದಿಲ್ಲ. ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ಅಪರೂಪಕ್ಕೆ ಕರುಳು ತೂತಾಗುವುದು, ರಕ್ತ ಹೆಪ್ಪುಗಟ್ಟುವುದು ಉಂಟು. ಗಾಯ ಮಾಯುವುದನ್ನು ಇದು ನಿಧಾನಿಸುತ್ತದೆ, ಆದ್ದರಿಂದ ದೊಡ್ಡ ಆಪರೇಷನ್ ಆದ ಮೇಲೆ ಕನಿಷ್ಠ 28 ದಿನ ಕಳೆದು, ಗಾಯ ಪೂರ್ತಿ ಮಾಗಿದೆ ಎಂದು ನೋಡಿಯೇ ಕೊಡುತ್ತಾರೆ.

ವರದಿ ಓದುವಾಗ

ಜಾಗದ ಸಾಲನ್ನು ಓದುವಾಗ ಆಗುವ ಗೊಂದಲಗಳು ಕೆಲವಿವೆ. ಲಿವರ್‌ನ ಬಲಹಾಲೆಯಲ್ಲಿ ಗಂಟುಗಳಿವೆ ಎಂದು ಸ್ಕ್ಯಾನ್ ವರದಿಯಲ್ಲಿ ಓದಿ, ಹಾಗಾದರೆ ನಮ್ಮದು ಬಲಭಾಗದ ಕ್ಯಾನ್ಸರ್ ಎಂದು ಹೆದರುವವರಿದ್ದಾರೆ. ಹರಡಿದ ಗಂಟು ಎಲ್ಲಿದೆ ಎಂಬುದಕ್ಕೂ ಈ ವಿಂಗಡಣೆಗೂ ಸಂಬಂಧವಿಲ್ಲ, ಕರುಳಿನಲ್ಲಿ ಮೊದಲು ಹುಟ್ಟಿದ ಜಾಗವೊಂದೇ ಲೆಕ್ಕ. ಆ ಮೂಲ ಗಡ್ಡೆಯನ್ನು ವರ್ಷಗಳ ಹಿಂದೆಯೇ ಆಪರೇಷನ್ ಮಾಡಿ ತೆಗೆದಿದ್ದರೂ ಲೆಕ್ಕ ಬದಲಾಗುವುದಿಲ್ಲ. ಆಗ ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ ಆಪರೇಷನ್‌ನ ಹೆಸರು ನೋಡಬೇಕು. ರೈಟ್ ಹೆಮಿಕೊಲೆಕ್ಟಮಿ ಎಂದಿದ್ದರೆ ಗಡ್ಡೆ ಬಲಗಡೆ ಇತ್ತು. ಸಿಗ್ಮಾಯ್ಡ್ ಕೊಲೆಕ್ಟಮಿ, ಆಂಟೀರಿಯರ್ ರಿಸೆಕ್ಷನ್ ಎಂದಿದ್ದರೆ ಎಡಗಡೆ.

ಕೊಲೊನೋಸ್ಕೋಪಿ ವರದಿಯಲ್ಲಿ ಗುದದ್ವಾರದಿಂದ ಇಷ್ಟು ಸೆಂಟಿಮೀಟರ್ ಎಂದು ಬರೆದಿದ್ದರೆ ಅದನ್ನಷ್ಟೇ ನಂಬುವುದು ಸರಿಯಲ್ಲ. ಕರುಳು ಕೊಳವೆಯ ಮೇಲೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ, ಕೆಲವೊಮ್ಮೆ ಕೊಳವೆಯೇ ಒಳಗೆ ಸುತ್ತಿಕೊಳ್ಳುತ್ತದೆ. ಸ್ಕ್ಯಾನ್‌ನಲ್ಲಿ ಕಂಡ ಜಾಗಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಕೇಳಿ ಸ್ಪಷ್ಟಪಡಿಸಿಕೊಳ್ಳಬೇಕು.

ಇನ್ನು ಅಡ್ಡ ಭಾಗ. ಭ್ರೂಣದ ಲೆಕ್ಕದಲ್ಲಿ ಗಡಿರೇಖೆ ಅದರೊಳಗೇ ಹಾದುಹೋಗುತ್ತದೆ. ಕೆಲವು ಅಧ್ಯಯನಗಳು ಅದನ್ನು ಬಲಕ್ಕೆ ಸೇರಿಸಿವೆ, ಕೆಲವು ಪೂರ್ತಿ ಕೈಬಿಟ್ಟಿವೆ. ಆಚರಣೆಯಲ್ಲಿ ಹೆಚ್ಚಿನ ವೈದ್ಯರು ಅದನ್ನು ಬಲಭಾಗದಂತೆಯೇ ನೋಡುತ್ತಾರೆ. ಇಲ್ಲಿ ಗಡ್ಡೆ ಇರುವವರ ವಿಷಯದಲ್ಲಿ ಜೀನ್ ಪರೀಕ್ಷೆಗಳು ಎಷ್ಟು ವಿಸ್ತಾರವಾಗಿದ್ದರೆ ಅಷ್ಟು ಒಳ್ಳೆಯದು.

ಕೊನೆಯದಾಗಿ ಕಾಯುವಿಕೆ. ಬಯಾಪ್ಸಿ ತುಣುಕಿನ ಮೇಲೆ ರಾಸ್, ಬಿ-ರಾಫ್, ಎಂಎಸ್‌ಐ ಪರೀಕ್ಷೆಗಳ ಫಲಿತಾಂಶ ಬರಲು ವಾರಗಳು ಹಿಡಿಯಬಹುದು. ರೋಗ ಬೇಗ ಬೆಳೆಯುತ್ತಿದ್ದರೆ ಅಷ್ಟು ದಿನ ಸುಮ್ಮನೆ ಕೂರಲಾಗದು. ಅಂಥ ಹೊತ್ತಿನಲ್ಲಿ ವೈದ್ಯರು ಮೊದಲ ಸುತ್ತಿನ ಕೀಮೋವನ್ನು ಒಂದನ್ನೇ ಕೊಟ್ಟು, ಫಲಿತಾಂಶ ಕೈಸೇರಿದ ಮೇಲೆ ಎರಡನೇ ಸುತ್ತಿನಿಂದ ಸರಿಯಾದ ನಿರ್ದೇಶಿತ ಔಷಧವನ್ನು ಸೇರಿಸುತ್ತಾರೆ. ಮೊದಲ ಸಲ ಡ್ರಿಪ್ ಹಾಕಿಸಿಕೊಂಡು ಬಂದ ರೋಗಿಯ ಚೀಟಿಯಲ್ಲಿ ಫಾಲ್‌ಫಾಕ್ಸ್ ಎಂದಷ್ಟೇ ಬರೆದಿದ್ದರೆ ಏನೋ ಬಿಟ್ಟುಹೋಗಿದೆ ಎಂದು ಗಾಬರಿಯಾಗಬೇಕಿಲ್ಲ. ಯಾವ ಯಾವ ಪರೀಕ್ಷೆಗೆ ಕಳಿಸಿದ್ದೀರಿ, ಗಡ್ಡೆ ಹುಟ್ಟಿದ್ದು ಯಾವ ಭಾಗ ಎಂದು ಬರೆದುಕೊಂಡಿದ್ದೀರಿ ಎಂಬ ಎರಡು ಪ್ರಶ್ನೆಗಳನ್ನು ಅಂದೇ ಕೇಳಿಕೊಂಡು ಬಂದರೆ, ಎರಡನೇ ಸುತ್ತಿನ ಹೊತ್ತಿಗೆ ಉತ್ತರ ಫೈಲ್‌ನಲ್ಲಿರುತ್ತದೆ.